ವ್ಯಾನಿನೊಳಗೆ ಬೈಸಿಕಲ್ಲು

ವರ್ಗದ ಹುಕುಂ ಬಂದಿದೆ. ಹಾಸಿಗೆ, ಪಾತ್ರೆ, ಪೆಟ್ಟಿಗೆಗಳನ್ನೆಲ್ಲ ಜೋಪಾನವಾಗಿ ಕಟ್ಟಿದ್ದೀರಿ. ಕೊನೆಗೆ ಉಳಿದದ್ದು ಬೈಸಿಕಲ್ಲು. “ಅದಕ್ಕೇನು, ಎತ್ತಿ ಮೇಲೆ ಹಾಕಿದರಾಯಿತು” ಎನ್ನುತ್ತೀರಿ. ಸ್ವಲ್ಪ ತಾಳಿ. ಅದೇ ವ್ಯಾನಿನ ಮುಂದಿನ ಸೀಟಿನಲ್ಲಿ ನಿಮ್ಮ ಮನೆಯವರೂ ಕುಳಿತಿರುತ್ತಾರಲ್ಲವೆ?

ಚಲಿಸುವ ವಸ್ತು ತಡೆಯುವವರಿಲ್ಲದಿದ್ದರೆ ಚಲಿಸುತ್ತಲೇ ಇರುತ್ತದೆಂದು ನ್ಯೂಟನ್ 1687ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಹೇಳಿದ್ದಾನೆ. ಬ್ರೇಕು ಹಾಕಿದರೆ ನಿಲ್ಲುವುದು ವ್ಯಾನು. ಕಟ್ಟದೆ ಬಿಟ್ಟ ಬೈಸಿಕಲ್ಲಲ್ಲ. ಗಂಟೆಗೆ 40 ಕಿಲೋಮೀಟರ್ ವೇಗವೆಂದರೆ, ಸುಮಾರು 6 ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗಿನ ವೇಗ. ಎರಡಂತಸ್ತಿನ ಮನೆಯ ತಾರಸಿಯಿಂದ ಬೈಸಿಕಲ್ಲು ಬೆನ್ನ ಮೇಲೆ ಬೀಳಲೆಂದು ಯಾರು ತಾನೆ ಬಯಸುತ್ತಾರೆ?

ಆದುದರಿಂದ ಮೊದಲು ಹಿಂದಿನ ಸೀಟುಗಳನ್ನು ಮಡಿಸಿ ಸ್ಥಳ ಮಾಡಿಕೊಳ್ಳಿ. ಉದ್ದ ಸಾಲದಿದ್ದರೆ ಮುಂದಿನ ಚಕ್ರ ಬಿಚ್ಚಿ. ಅಗಲ ಹೆಚ್ಚೆನಿಸಿದರೆ ಹ್ಯಾಂಡಲ್ಲನ್ನು ಸಡಿಲಿಸಿ ಪಕ್ಕಕ್ಕೆ ತಿರುಗಿಸಿ. ಪೆಡಲು ಬಿಚ್ಚುವಾಗ ಒಂದು ಮಾತು ನೆನಪಿರಲಿ: ಎಡಗಡೆಯದರ ಮರೆ ತಿರುವುಮುರುವು, ಗಡಿಯಾರದ ಮುಳ್ಳು ತಿರುಗುವ ಕಡೆಗೇ ತಿರುಗಿಸಿದರೆ ಅದು ಸಡಿಲವಾಗುತ್ತದೆ. ತಿಳಿಯದೆ ಎದುರು ಕಡೆಗೆ ಬಲ ಹಾಕಿದಷ್ಟೂ ಬಿಗಿಯಾಗುತ್ತದೆ.

ಬೈಸಿಕಲ್ಲನ್ನು ನಿಲ್ಲಿಸಿಯೇ ಒಯ್ಯುವುದು ಉತ್ತಮ. ಆದರೆ ಸ್ಟ್ಯಾಂಡನ್ನು ನಂಬಬೇಡಿ. ಮೊದಲ ಹಳ್ಳದಲ್ಲೇ ಅದು ಮಡಚಿಕೊಂಡೀತು. ವ್ಯಾನಿನ ಪಕ್ಕಕ್ಕೆ ಹಳೆಯ ಕಂಬಳಿ ಇಟ್ಟು ಒರಗಿಸಿ. ಮುಂದಿನ ಚಕ್ರ ಇದ್ದಲ್ಲಿಯೇ ಇದ್ದರೆ ಅದರ ಬ್ರೇಕಿನ ಹಿಡಿಯನ್ನು ಅದುಮಿ ಹಳೆಯ ಟ್ಯೂಬಿನ ತುಂಡಿನಿಂದ ಬಿಗಿದುಬಿಡಿ, ಚಕ್ರ ಉರುಳುವುದಿಲ್ಲ. ಮಲಗಿಸಲೇಬೇಕಾದರೆ ಸರಪಣಿಯ ಮಗ್ಗುಲು ಮೇಲಿರಲಿ, ಅದರ ಮೇಲೆ ಬೇರೆ ಸಾಮಾನು ಹೇರಬೇಡಿ.

ಇನ್ನು ಹಗ್ಗ. ಕಟ್ಟುವುದು ಚೌಕಟ್ಟಿಗೆ, ಕಡ್ಡಿಗಳಿಗಲ್ಲ. ಹ್ಯಾಂಡಲ್ಲಿನ ಕೆಳಗೊಂದು, ಸೀಟಿನ ಕೆಳಗೊಂದು ಕಟ್ಟು ಬೇಕು. ಒಂದು ಹಗ್ಗ ಮುಂದಕ್ಕೆಳೆದರೆ ಇನ್ನೊಂದು ಹಿಂದಕ್ಕೆಳೆಯುವಂತಿರಲಿ. ಹಗ್ಗದ ತುದಿಯನ್ನು ನೆಲದ ಕೊಂಡಿಗೋ ಸೀಟಿನ ಕಬ್ಬಿಣದ ಕಾಲಿಗೋ ಬಿಗಿಯಿರಿ. ಬಾಗಿಲ ಹಿಡಿಗೆ ಬೇಡ. ರಬ್ಬರು ಹಿಗ್ಗುತ್ತದೆ, ಆದ್ದರಿಂದ ಭಾರ ತಡೆಯುವ ಕೆಲಸ ಹಗ್ಗದ್ದೇ. ಬಿಚ್ಚಿದ ಚಕ್ರ, ಪೆಡಲು, ಸ್ಪ್ಯಾನರುಗಳನ್ನೂ ಚೀಲದಲ್ಲಿ ಹಾಕಿ ಕಟ್ಟಿ. ಸಡಿಲವಾದ ಸಣ್ಣ ವಸ್ತುವೂ ಬ್ರೇಕು ಹಾಕಿದಾಗ ಕಲ್ಲಿನಂತೆ ಹಾರುತ್ತದೆ.

ಕಟ್ಟು ಸರಿಯಾಯಿತೆ ಎಂಬುದಕ್ಕೆ ಸುಲಭವಾದ ಪರೀಕ್ಷೆಯೊಂದಿದೆ. ಬೈಸಿಕಲ್ಲನ್ನು ಹಿಡಿದು ಜೋರಾಗಿ ಅಲುಗಿಸಿ. ಅದೊಂದೇ ಅಲುಗಿದರೆ ಮತ್ತೆ ಬಿಗಿಯಿರಿ. ವ್ಯಾನೂ ಜೊತೆಗೆ ಅಲುಗಿದರೆ ಹೊರಡಿ. ನಾಲ್ಕಾರು ಕಿಲೋಮೀಟರ್ ಹೋದ ಮೇಲೆ ಒಮ್ಮೆ ನಿಲ್ಲಿಸಿ ಗಂಟುಗಳನ್ನು ಮುಟ್ಟಿ ನೋಡಿ. ಕುಲುಕಾಟಕ್ಕೆ ಹೊಸ ಹಗ್ಗವೂ ಸಡಿಲವಾಗುತ್ತದೆ. ಆ ಐದು ನಿಮಿಷ ನಷ್ಟವೆಂದು ಎಣಿಸಬೇಡಿ.