ಅರ್ಧ ವಾಟಿನ ರೇಡಿಯೋ: ತೋಟದ ಮನೆಯಲ್ಲೇ ಕಟ್ಟಬಹುದಾದ ನಿಸ್ತಂತು ಯಂತ್ರ

ಜೋರು ಮಳೆ ಹಿಡಿದಾಗ ಮಲೆನಾಡಿನ ತೋಟಗಳಿಗೆ ಹೊರಗಿನ ಸಂಪರ್ಕ ಯಾವ ಕ್ರಮದಲ್ಲಿ ಕಡಿದುಹೋಗುತ್ತದೆಂಬುದು ಬೆಳೆಗಾರ ಬಾಂಧವರಿಗೆ ಹೊಸದಲ್ಲ. ಮೊದಲು ವಿದ್ಯುತ್ತು, ಬಳಿಕ ಮೊಬೈಲ್ ಗೋಪುರದ ಬ್ಯಾಟರಿ, ಕೊನೆಗೆ ರಸ್ತೆ. 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜರಿದಾಗ ಮಡಿಕೇರಿ–ಸಂಪಾಜೆ ರಸ್ತೆಯೇ ಕಡಿದುಹೋಯಿತು. 2024ರ ಜುಲೈ 30ರಂದು ನೆರೆಯ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಭೂಕುಸಿತವಾದಾಗ ಹವ್ಯಾಸಿ ರೇಡಿಯೋದವರು ಕಲ್ಪೆಟ್ಟದಲ್ಲಿ ಕೇಂದ್ರವೊಂದನ್ನು ತೆರೆದು ರಕ್ಷಣಾ ಕಾರ್ಯಕ್ಕೆ ನೆರವಾದರು. ಹೊಳೆಯಾಚೆ ಹೆರಿಗೆ ನೋವು ತಿನ್ನುತ್ತಿರುವ ಹೆಣ್ಣುಮಗಳಿದ್ದಾಳೆ ಎಂಬ ಒಂದು ಮಾತು ಸಕಾಲಕ್ಕೆ ಹೊರಗೆ ತಲಪುವುದು ಎಷ್ಟು ಮುಖ್ಯವೆಂದು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಯಂತ್ರವೆಂದರೆ ಸಾವಿರಾರು ರೂಪಾಯಿಯ ವಿದೇಶೀ ಪೆಟ್ಟಿಗೆ, ನಮ್ಮ ಕೈಗೆಟುಕದ್ದು ಎಂಬ ಭಾವನೆ ನಮ್ಮಲ್ಲಿ ಹಲವರಿಗಿದೆ. ಅದು ಪೂರ್ತಿ ನಿಜವಲ್ಲ. ಕೆಲವೇ ಬಿಡಿಭಾಗಗಳಿಂದ, ಬೆಸುಗೆ ಹಾಕಲು ಬಲ್ಲ ಯಾರೇ ಆದರೂ ಒಂದು ಸಣ್ಣ ನಿಸ್ತಂತು ಯಂತ್ರವನ್ನು ಕಟ್ಟಬಹುದು.

ಕಡಿಮೆ ಶಕ್ತಿಯ ಪರಂಪರೆ

ಐದು ವಾಟ್ ಅಥವಾ ಅದಕ್ಕಿಂತ ಕಡಿಮೆ ಶಕ್ತಿಯಲ್ಲಿ ಮಾತಾಡುವುದು ಹವ್ಯಾಸಿ ರೇಡಿಯೋದಲ್ಲಿ ಒಂದು ಪ್ರತ್ಯೇಕ ಶಾಖೆಯೇ ಆಗಿದೆ. ಇಂಗ್ಲೆಂಡಿನ ಪಾದ್ರಿ ಜಾರ್ಜ್ ಡಾಬ್ಸ್ 1974ರಲ್ಲಿ ಇದಕ್ಕೆಂದೇ ಒಂದು ಸಂಘ ಕಟ್ಟಿದರು. ಅಮೆರಿಕದ ಡಗ್ ಡಿಮಾ 1976ರಲ್ಲಿ ಎರಡೇ ಟ್ರಾನ್ಸಿಸ್ಟರಿನ ಪ್ರೇಷಕವನ್ನು ಖಾಲಿ ಮೀನಿನ ಡಬ್ಬಿಯ ಮೇಲೆ ಕಟ್ಟಿ ತೋರಿಸಿದರು. ರಷ್ಯದ ಓಲೆಗ್ ಬೊರೊದಿನ್ ಅವರ ‘ಮೈಕ್ರೋ-80’ ಎಂಬ ಪುಟ್ಟ ಯಂತ್ರದಿಂದ ‘ಪಿಕ್ಸಿ’ ಹುಟ್ಟಿತು. ನಮ್ಮ ಪಕ್ಕದ ಹೈದರಾಬಾದಿನ ಅಶ್ಹರ್ ಫರ್ಹಾನ್ ಇಲ್ಲಿನ ಅಂಗಡಿಗಳಲ್ಲಿ ಸಿಗುವ ಭಾಗಗಳಿಂದಲೇ ಧ್ವನಿ ಸಾಗಿಸುವ ‘ಬಿಟ್‌ಎಕ್ಸ್’ ಯಂತ್ರವನ್ನು ರೂಪಿಸಿದರು. ಸುರುಳಿ ಸುತ್ತಲು ಬೇಕಾದ ವಿಶೇಷ ಬಳೆ ಸಿಗದೆಡೆ ನಲ್ಲಿಯ ವಾಷರನ್ನೇ ಬಳಸಿದ ಅವರ ಉಪಾಯ ಹಳ್ಳಿಯ ಮೇಸ್ತ್ರಿಗೂ ಮೆಚ್ಚುಗೆಯಾಗುವಂಥದು.

ಯಂತ್ರದೊಳಗೆ ಏನಿದೆ?

ಎಲ್ಲಕ್ಕಿಂತ ಸರಳವಾದ ಪಿಕ್ಸಿಯನ್ನೇ ತೆಗೆದುಕೊಳ್ಳೋಣ. ಇದರಲ್ಲಿ ಎರಡು ಟ್ರಾನ್ಸಿಸ್ಟರು, ಎಲ್.ಎಂ. 386 ಎಂಬ ಒಂದು ಧ್ವನಿವರ್ಧಕ ಚಿಪ್ಪು, ಒಂದು ಸ್ಫಟಿಕ, ಜೊತೆಗೆ ಕೆಲವು ಕೆಪಾಸಿಟರು, ರೆಸಿಸ್ಟರು ಹಾಗೂ ಸುರುಳಿಗಳು ಮಾತ್ರ ಇರುತ್ತವೆ. ಮೊದಲ ಟ್ರಾನ್ಸಿಸ್ಟರು ಸ್ಫಟಿಕದ ನೆರವಿನಿಂದ, ಉದಾಹರಣೆಗೆ, 7023 ಕಿಲೋಹರ್ಟ್ಸ್ ಕಂಪನವನ್ನು ಹುಟ್ಟಿಸುತ್ತದೆ. ಮೋರ್ಸ್ ಗುಂಡಿಯನ್ನು ಒತ್ತಿದಾಗ ಎರಡನೆಯದು ಅದನ್ನು ಬಲಪಡಿಸಿ ತಂತಿಗೆ ಕಳಿಸುತ್ತದೆ. ಹೊರಬೀಳುವ ಶಕ್ತಿ ಸುಮಾರು ಅರ್ಧ ವಾಟ್.

ಗುಂಡಿ ಬಿಟ್ಟಾಗ ಅದೇ ಎರಡನೆಯ ಟ್ರಾನ್ಸಿಸ್ಟರು ಕೇಳುವ ಕೆಲಸಕ್ಕೆ ತಿರುಗುತ್ತದೆ. ದೂರದ ಕೇಂದ್ರ 7022.3ರಲ್ಲಿ ಬಂದರೆ, ನಮ್ಮ 7023ರೊಡನೆ ಬೆರೆತು ಎರಡರ ವ್ಯತ್ಯಾಸವಾದ 700 ಹರ್ಟ್ಸ್ ಉಳಿಯುತ್ತದೆ. ಅದು ಕಿವಿಗೆ ಸಿಳ್ಳಿನಂತೆ ಕೇಳುತ್ತದೆ. ಒಂದೇ ಆಳು ಬೆಳಿಗ್ಗೆ ಕಾಫಿ ಕೊಯ್ದು ಸಂಜೆ ಅಡಿಕೆ ಸುಲಿದಂತೆ ಇದರ ಕೆಲಸ.

ತಂತಿಗೆ ಹೋಗುವ ಮುನ್ನ ಒಂದು ಶೋಧಕ ಇರಲೇಬೇಕು. ಪ್ರೇಷಕ 7ರ ಜೊತೆಗೆ 14, 21 ಮೆಗಾಹರ್ಟ್ಸಿನ ಬೇಡದ ಕಂಪನಗಳನ್ನೂ ಹುಟ್ಟಿಸುತ್ತದೆ. ಸುರುಳಿ ಮತ್ತು ಕೆಪಾಸಿಟರುಗಳ ಈ ಜರಡಿ ಅವನ್ನು ತಡೆದು ಇತರರಿಗೆ ಉಪದ್ರವವಾಗದಂತೆ ನೋಡಿಕೊಳ್ಳುತ್ತದೆ.

ಅರ್ಧ ವಾಟ್ ಸಾಕೇ?

ನೂರು ವಾಟಿಗೂ ಒಂದು ವಾಟಿಗೂ ವ್ಯತ್ಯಾಸ 20 ಡೆಸಿಬೆಲ್. ಸಂಕೇತದ ಬಲವನ್ನು ಅಳೆಯುವ ಒಂಬತ್ತು ಮೆಟ್ಟಿಲುಗಳಲ್ಲಿ ಒಂದೊಂದೂ ಸುಮಾರು 6 ಡೆಸಿಬೆಲ್ ಆದ್ದರಿಂದ, ಶಕ್ತಿ ನೂರರಲ್ಲೊಂದು ಪಾಲಾದರೂ ಕೆಳಗಿಳಿಯುವುದು ಮೂರು ಚಿಲ್ಲರೆ ಮೆಟ್ಟಿಲು ಮಾತ್ರ. ಮೋರ್ಸ್ ಸಂಕೇತ ಬಹಳ ಕಿರಿದಾದ ಪಟ್ಟಿಯಲ್ಲಿ ಸಾಗುವುದರಿಂದ ಇದ್ದ ಶಕ್ತಿಯೆಲ್ಲ ಒಂದೆಡೆ ಕೂಡಿರುತ್ತದೆ. 2013ರ ಜುಲೈಯಲ್ಲಿ ತಂತಿ ಸೇವೆ ನಿಂತರೂ ಆ ಕಟ್ಟ-ಕಡ ಭಾಷೆ ಹವ್ಯಾಸಿಗಳಲ್ಲಿ ಇನ್ನೂ ಬದುಕಿರುವುದು ಇದಕ್ಕಾಗಿಯೇ.

ಗುಡ್ಡಗಾಡಿಗೆ ತಕ್ಕ ತಂತಿ

ನಮಗೆ ಮುಖ್ಯವಾದ ಭಾಗ ಇದು. ಪೋಲೀಸರ ಕೈಯಲ್ಲಿರುವಂಥ ವಾಕಿಟಾಕಿಯ ಅಲೆಗಳು ಹೆಚ್ಚುಕಡಿಮೆ ನೇರ ಹೋಗುವಂಥವು; ನಡುವೆ ಗುಡ್ಡ ಬಂದರೆ ಸಾಮಾನ್ಯವಾಗಿ ಅಲ್ಲಿಗೇ ಮುಗಿಯಿತು. 7 ಮೆಗಾಹರ್ಟ್ಸಿನ ತಂತಿಯನ್ನು ತಗ್ಗಾಗಿ ಕಟ್ಟಿದರೆ ಅಲೆ ಬಹುಪಾಲು ಮೇಲಕ್ಕೆ ಹೋಗಿ, ಆಕಾಶದ ವಿದ್ಯುತ್ಕಣಗಳ ಪದರಕ್ಕೆ ತಾಗಿ, ಮಳೆಯಂತೆ ಸುತ್ತಲ ಕೆಲವು ನೂರು ಕಿಲೋಮೀಟರಿಗೆ ಇಳಿಯುತ್ತದೆ. ಕಣಿವೆಯ ತಳದಲ್ಲಿ ಕೂತವರಿಗೆ ಗುಡ್ಡದ ಅಡ್ಡಿಯೇ ಇಲ್ಲ.

ಇದಕ್ಕೆ ಒಟ್ಟು 20.2 ಮೀಟರ್ ತಾಮ್ರದ ತಂತಿ ಬೇಕು. ನಡುವೆ ಕತ್ತರಿಸಿ, ಎರಡು ಬದಿಗೆ 10.1 ಮೀಟರಿನಂತೆ ಎರಡು ಸಿಲ್ವರ್ ಓಕ್ ಮರಗಳ ನಡುವೆ ಐದಾರು ಮೀಟರ್ ಎತ್ತರದಲ್ಲಿ ನೈಲಾನ್ ಹಗ್ಗದಿಂದ ಎಳೆದು ಕಟ್ಟುವುದು. ನಡುವಿನಿಂದ ಯಂತ್ರಕ್ಕೆ ಹಳೆಯ ಟಿ.ವಿ. ಕೇಬಲ್ಲೂ ನಡೆಯುತ್ತದೆ. ವಿದ್ಯುತ್ ತಂತಿಯ ಹತ್ತಿರಕ್ಕೆ ಮಾತ್ರ ಎಂದಿಗೂ ಒಯ್ಯಬಾರದು. ಅಲ್ಯೂಮಿನಿಯಂ ಏಣಿ ತಾಗಿ ತೋಟಗಳಲ್ಲಿ ಆಗುವ ದುರಂತಗಳು ನೆನಪಿರಲಿ. ಗುಡುಗು-ಸಿಡಿಲಿನ ಹೊತ್ತಿನಲ್ಲಿ ಕೇಬಲನ್ನು ಕಳಚಿ ಮನೆಯ ಹೊರಗಿಡಬೇಕು.

ಬ್ಯಾಟರಿಗೆ ಅಲೆಯಬೇಕಿಲ್ಲ. ಬೆನ್ನಿಗೆ ಹೊರುವ ಸಿಂಪರಣಾ ಯಂತ್ರದಲ್ಲಿ 12 ವೋಲ್ಟಿನ, 8 ಆಂಪಿಯರ್-ಗಂಟೆಯ ಬ್ಯಾಟರಿ ಹಲವರಲ್ಲಿದೆ. ಸರಾಸರಿ ನೂರು ಮಿಲಿಆಂಪಿಯರ್ ಎಳೆದರೆ ಲೆಕ್ಕಕ್ಕೆ 80 ಗಂಟೆಯಾಯಿತು. ಅರ್ಧ ಹಿಡಿದರೂ ಕಡಿಮೆಯಲ್ಲ.

ಮಿತಿಗಳು

ಪಿಕ್ಸಿಗೆ ಒಂದೇ ಕಂಪನಾಂಕ. ರಾತ್ರಿ ಬಲವಾದ ಪ್ರಸಾರ ಕೇಂದ್ರಗಳು ಒಳನುಗ್ಗುತ್ತವೆ. ಸೂರ್ಯನ ಚಟುವಟಿಕೆ ಕುಂದಿದ ವರ್ಷಗಳಲ್ಲಿ ರಾತ್ರಿ ಹತ್ತಿರದ ಊರಿಗೆ 7 ಮೆಗಾಹರ್ಟ್ಸ್ ತಲಪದೇ ಹೋಗಬಹುದು. ಆದ್ದರಿಂದ ಇದನ್ನು ಕಲಿಕೆಯ ಮೊದಲ ಮೆಟ್ಟಿಲೆಂದು ತಿಳಿಯಬೇಕು. ಆಪತ್ಕಾಲಕ್ಕೆ ನೆಚ್ಚಬೇಕಾದದ್ದು ಬಿಟ್‌ಎಕ್ಸ್‌ನಂಥ ಧ್ವನಿಯಂತ್ರ. ಪಿಕ್ಸಿ ಕಟ್ಟಿದ ಕೈಗೆ ಅದು ದೂರದ ಮಾತಲ್ಲ. ತಂತಿ ಜೋಡಿಸದೆ ಗುಂಡಿ ಒತ್ತಿದರೆ ಟ್ರಾನ್ಸಿಸ್ಟರು ಸುಡುವ ಸಂಭವವಿದೆ; ಮೊದಲ ಪರೀಕ್ಷೆಗೆ 50 ಓಮಿನಷ್ಟು ರೆಸಿಸ್ಟರನ್ನು ತಂತಿಯ ಬದಲು ಹಾಕುವುದು ಕ್ಷೇಮ.

ಪರವಾನಗಿ ಮೊದಲು

ಕೇಂದ್ರ ಸಂಪರ್ಕ ಸಚಿವಾಲಯದ ಪರೀಕ್ಷೆ ಪಾಸಾಗಿ ಪರವಾನಗಿ ಪಡೆಯದೆ ಪ್ರಸಾರ ಮಾಡುವುದು ಅಪರಾಧ. 12 ವರ್ಷ ತುಂಬಿದವರು ಪರೀಕ್ಷೆಗೆ ಕೂರಬಹುದು. ಪರವಾನಗಿಯಲ್ಲಿ ದರ್ಜೆಗಳಿವೆ, ಯಾವ ದರ್ಜೆಗೆ ಯಾವ ಪಟ್ಟಿ, ಎಷ್ಟು ಶಕ್ತಿ ಎಂಬುದನ್ನು ಮೊದಲೇ ತಿಳಿದುಕೊಳ್ಳಬೇಕು. 1959ರಲ್ಲಿ ಸ್ಥಾಪನೆಯಾದ ಬೆಂಗಳೂರು ಹವ್ಯಾಸಿ ರೇಡಿಯೋ ಕ್ಲಬ್ಬು ನಮ್ಮ ರಾಜ್ಯದಲ್ಲೇ ಇದೆ.

ಮೊಬೈಲ್ ಇರುವಾಗ ಇದೇಕೆ ಎಂದು ಕೆಲವರು ಕೇಳಿಯಾರು. ಮೊಬೈಲ್ ಸತ್ತ ಮೂರನೆಯ ದಿನ ಆ ಪ್ರಶ್ನೆ ಉಳಿಯುವುದಿಲ್ಲ. ಆದರೆ ಅಂದು ಕಲಿಯಲು ಹೊರಟರೆ ಹೊತ್ತು ಮೀರಿರುತ್ತದೆ. ಬೆಸುಗೆ ಕಡ್ಡಿ ಹಿಡಿದವರಿಗೆ ಪಂಪಿನ ಸ್ಟಾರ್ಟರು, ಬೇಲಿಯ ವಿದ್ಯುತ್ ಪೆಟ್ಟಿಗೆಗಳ ಒಳಮರ್ಮವೂ ತಾನಾಗಿ ತಿಳಿಯುತ್ತದೆ. ಕಣಿವೆಗೆ ಇಬ್ಬರಂತೆ ನಮ್ಮ ಮಕ್ಕಳು ಮುಂದೆ ಬಂದರೆ, ಪರೀಕ್ಷೆಯ ತಯಾರಿಗೆ ಸಂಘದ ಗೋದಾಮಿನ ಮೇಲಿನ ಕೋಣೆಯನ್ನು ಭಾನುವಾರ ತೆರೆದುಕೊಡುವ ವಿಷಯವನ್ನು ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಮಂಡಿಸಲಿದ್ದೇವೆ. ಆಸಕ್ತರು ಸಂಘದ ಕಚೇರಿಯಲ್ಲಿ ಹೆಸರು ಬರೆಸಬೇಕೆಂದು ಕೋರುತ್ತೇವೆ.