ಸಂಚಾರಿ ವಿದ್ಯಾವಾಹನಕ್ಕೆ ಸೌರವಿದ್ಯುತ್ತಿನ ಜೋಡಣೆ

ವಿದ್ಯೆಯು ವಿದ್ಯಾರ್ಥಿಯ ಬಾಗಿಲಿಗೆ ತಾನಾಗಿ ಹೋಗಬೇಕೆಂಬುದು ನಮ್ಮ ಪರಂಪರೆಗೆ ಹೊಸ ಮಾತಲ್ಲ. ಜಂಗಮ ಎಂಬ ಶಬ್ದದಲ್ಲಿಯೇ ಚಲನೆಯ ಅರ್ಥ ಅಡಗಿದೆ. ಊರಿಂದೂರಿಗೆ ಸಂಚರಿಸಿ ಅರಿವನ್ನು ಹಂಚುವವನೇ ಜಂಗಮ. ಈ ಸಂಚಾರವನ್ನು ಇಂದು ವಾಹನಗಳೂ ಮಾಡುತ್ತಿವೆ. 1999ರಲ್ಲಿ ಸ್ಥಾಪಿತವಾದ ಅಗಸ್ತ್ಯ ಅಂತರರಾಷ್ಟ್ರೀಯ ಪ್ರತಿಷ್ಠಾನವು ವಿಜ್ಞಾನದ ಉಪಕರಣಗಳನ್ನು ವಾಹನಗಳಲ್ಲಿ ತುಂಬಿ ಹಳ್ಳಿಯ ಸರ್ಕಾರಿ ಶಾಲೆಗಳಿಗೆ ಒಯ್ಯುತ್ತಿರುವುದು ಶಿಕ್ಷಕವರ್ಗಕ್ಕೆ ತಿಳಿದ ಸಂಗತಿ. ಇಂಥ ವಾಹನವೊಂದನ್ನು ಸಜ್ಜುಗೊಳಿಸಬೇಕೆಂಬ ಆಸೆ ಅನೇಕ ವಿದ್ಯಾಸಂಸ್ಥೆಗಳಿಗೂ ಅವುಗಳ ಹಳೆಯ ವಿದ್ಯಾರ್ಥಿಗಳಿಗೂ ಇರುವುದರಿಂದ, ಅದಕ್ಕೆ ಬೇಕಾದ ವಿದ್ಯುತ್ತಿನ ವಿಚಾರವನ್ನು ಇಲ್ಲಿ ವಿವರಿಸುವುದು ಅಪ್ರಸ್ತುತವಾಗಲಾರದು.

ಬನಶಂಕರಿಯಿಂದ ಹೊರಟ ವಾಹನವೊಂದು ಕನಕಪುರ ರಸ್ತೆಯಲ್ಲಿ ಸಾಗಿ ಹಳ್ಳಿಯೊಂದರ ಶಾಲೆಯ ಮುಂದೆ ನಿಂತಿತೆಂದು ಭಾವಿಸೋಣ. ಆ ಹೊತ್ತಿನಲ್ಲಿ ಅಲ್ಲಿ ಕರೆಂಟಿಲ್ಲ. ಪ್ರೊಜೆಕ್ಟರ್ ನಡೆಯಬೇಕಾದರೆ ಎಂಜಿನನ್ನು ಚಾಲೂ ಇಡಬೇಕು. ಆಗ ಹೊಗೆ ಮತ್ತು ಸದ್ದಿನ ನಡುವೆ ಪಾಠ ಕೇಳುವ ದುಃಸ್ಥಿತಿ ಮಕ್ಕಳಿಗೆ ಒದಗುತ್ತದೆ. ಎಂಜಿನನ್ನು ನಿಲ್ಲಿಸಿ ವಾಹನದ ಬ್ಯಾಟರಿಯಿಂದಲೇ ಉಪಕರಣಗಳನ್ನು ನಡೆಸಿದರೆ, ಸಂಜೆ ಹೊರಡುವಾಗ ಸೆಲ್ಫ್ ಹೊಡೆಯುವುದಿಲ್ಲ. ಪಾಠ ಹೇಳಲು ಬಂದವರು ಊರವರಿಂದ ವಾಹನವನ್ನು ತಳ್ಳಿಸಿಕೊಂಡು ಹೋಗಬೇಕಾಗುತ್ತದೆ. ಈ ಎರಡು ಸಂಕಟಗಳಿಗೂ ಪರಿಹಾರವೆಂದರೆ ವಾಹನದ ನೆತ್ತಿಯ ಮೇಲೆ ಸೌರಫಲಕ, ಒಳಗೆ ಎರಡನೆಯದೊಂದು ಬ್ಯಾಟರಿ.

ಸೌರಶಕ್ತಿ ಎಂದೊಡನೆ ಜಯನಗರ, ಜೆ.ಪಿ. ನಗರಗಳ ಮನೆಗಳ ಮೇಲಿರುವ ಬಿಸಿನೀರಿನ ಯಂತ್ರಗಳು ನೆನಪಿಗೆ ಬರುವುದು ಸಹಜ. ಆದರೆ ಅವು ಸೂರ್ಯನ ಶಾಖವನ್ನು ಹಿಡಿಯತಕ್ಕವು. ನಾವು ಹೇಳುತ್ತಿರುವ ಫಲಕಗಳು ಬೆಳಕನ್ನು ಹಿಡಿದು ನೇರವಾಗಿ ವಿದ್ಯುತ್ತನ್ನಾಗಿ ಮಾರ್ಪಡಿಸುತ್ತವೆ. ಸಿಲಿಕಾನ್ ಎಂಬ ಮೂಲವಸ್ತುವಿನ ತೆಳುಹಾಳೆಗಳ ಮೇಲೆ ಬೆಳಕು ಬಿದ್ದಾಗ ಅಲ್ಲಿನ ಎಲೆಕ್ಟ್ರಾನುಗಳು ಚಲಿಸಿ ವಿದ್ಯುತ್ಪ್ರವಾಹ ಉಂಟಾಗುತ್ತದೆ. ಈ ಫಲಕಗಳಿಗೆ ಬೇಕಾದುದು ಬೆಳಕೇ ಹೊರತು ಬಿಸಿಯಲ್ಲ; ಬಿಸಿಯು ಅವುಗಳಿಗೆ ವೈರಿ. ಫಲಕದ ಉಷ್ಣತೆ 25 ಡಿಗ್ರಿಯಿಂದ ಮೇಲಕ್ಕೆ ಏರಿದಂತೆ ಪ್ರತಿಯೊಂದು ಡಿಗ್ರಿಗೂ ಅದರ ಉತ್ಪತ್ತಿ ಶೇಕಡಾ 0.4ರಷ್ಟು ಕುಗ್ಗುತ್ತದೆ. ಆದಕಾರಣ ಫಲಕವನ್ನು ವಾಹನದ ತಗಡಿಗೆ ಅಂಟಿಸದೆ, ಕೆಳಗೆ ಗಾಳಿಯಾಡುವಂತೆ ಎರಡು ಅಂಗುಲವಾದರೂ ಅಂತರ ಬಿಟ್ಟು, ಚೌಕಟ್ಟಿಗೆ ಬೋಲ್ಟು ಹಾಕಿ ಬಿಗಿಯತಕ್ಕದ್ದು.

ಈ ವಿದ್ಯೆ ಬೆಂಗಳೂರಿಗೆ ಅಪರಿಚಿತವಲ್ಲ. 1975ರ ಏಪ್ರಿಲ್ 19ರಂದು ಗಗನಕ್ಕೇರಿದ, ನಮ್ಮ ಪೀಣ್ಯದಲ್ಲಿ ರೂಪುಗೊಂಡ ಆರ್ಯಭಟ ಉಪಗ್ರಹದ ಮೈಗೆ ಸೌರಕೋಶಗಳನ್ನೇ ಹೊದಿಸಲಾಗಿತ್ತು. ಅದರಲ್ಲಿದ್ದ ವೈಜ್ಞಾನಿಕ ಪ್ರಯೋಗಗಳು ವಿದ್ಯುತ್ ಪೂರೈಕೆಯ ದೋಷದಿಂದಾಗಿ ಕೆಲವೇ ದಿನಗಳಲ್ಲಿ ನಿಂತುಹೋದವು. ಸೂರ್ಯನೇನೋ ಆಕಾಶದಲ್ಲಿ ಇದ್ದೇ ಇದ್ದನು. ಆದರೆ ಫಲಕದಿಂದ ಉಪಕರಣದವರೆಗಿನ ಸರಪಣಿಯಲ್ಲಿ ಒಂದು ಕೊಂಡಿ ಸಡಿಲವಾದರೂ ಫಲ ದೊರೆಯದೆಂಬುದಕ್ಕೆ ಇದಕ್ಕಿಂತ ದೊಡ್ಡ ದೃಷ್ಟಾಂತ ಬೇಕಿಲ್ಲ. ವಾಹನದ ಜೋಡಣೆಯಲ್ಲಿಯೂ ಇದೇ ನ್ಯಾಯ.

ಫಲಕವನ್ನು ಸೂರ್ಯನ ಕಡೆಗೆ ಓರೆಯಾಗಿ ನಿಲ್ಲಿಸಬೇಕಲ್ಲವೇ ಎಂಬ ಸಂದೇಹ ಬರಬಹುದು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ನಡುಭಾಗದಲ್ಲೊಮ್ಮೆ ಮಧ್ಯಾಹ್ನದ ಸೂರ್ಯ ನೇರವಾಗಿ ನಮ್ಮ ನೆತ್ತಿಯ ಮೇಲೆ ಬಂದು, ನೆಟ್ಟ ಕಂಬಕ್ಕೆ ನೆರಳೇ ಇಲ್ಲದಂತಾಗುತ್ತದೆ. ಇಂಥ ನಾಡಿನಲ್ಲಿ ಫಲಕವನ್ನು ಮಟ್ಟಸವಾಗಿ ಮಲಗಿಸಿದರೂ ನಷ್ಟ ಅಲ್ಪ. ಹೆಚ್ಚಿನ ನಷ್ಟವಾಗುವುದು ಧೂಳಿನಿಂದ ಮತ್ತು ನೆರಳಿನಿಂದ. ಜಯನಗರದ ಸಾಲುಮರಗಳ ತಂಪು ಚಾಲಕನಿಗೆ ಹಿತವಾದರೂ ಫಲಕಕ್ಕೆ ಅದು ಉಪವಾಸ. ಕೋಶಗಳು ಒಂದಕ್ಕೊಂದು ಸರಣಿಯಲ್ಲಿ ಜೋಡಿಸಲ್ಪಟ್ಟಿರುವುದರಿಂದ, ಕೆಲವು ಕೋಶಗಳ ಮೇಲೆ ಬಿದ್ದ ನೆರಳೂ ಇಡೀ ಫಲಕದ ಉತ್ಪತ್ತಿಯನ್ನು ತೀವ್ರವಾಗಿ ಇಳಿಸಬಲ್ಲದು.

ಇನ್ನು ಲೆಕ್ಕದ ಭಾಗ. ಎಷ್ಟು ಫಲಕ ಕೊಳ್ಳೋಣ ಎಂಬ ಪ್ರಶ್ನೆಯನ್ನು ಮೊದಲು ಕೇಳುವುದು ಸಮೀಚೀನವಲ್ಲ; ಎಷ್ಟು ಬೇಕು ಎಂಬುದನ್ನು ಮೊದಲು ನಿರ್ಣಯಿಸಬೇಕು. ಅಂದಿನ ಅಗತ್ಯಕ್ಕೆ ಮೀರಿದ ಅಕ್ಕಿಯನ್ನು ಹಿಂದಿರುಗಿಸಿ ಬರುವಂತೆ ಮಾರಯ್ಯನಿಗೆ ಹೇಳಿದ ಆಯ್ದಕ್ಕಿ ಲಕ್ಕಮ್ಮನ ಅಳತೆಯ ವಿವೇಕ ಇಲ್ಲಿಯೂ ದಾರಿದೀಪ. 10 ವ್ಯಾಟಿನ 4 ಎಲ್.ಇ.ಡಿ. ದೀಪಗಳು 4 ಗಂಟೆ ಉರಿದರೆ 160 ವ್ಯಾಟ್-ಗಂಟೆ. 25 ವ್ಯಾಟಿನ 2 ಫ್ಯಾನುಗಳು 5 ಗಂಟೆ ತಿರುಗಿದರೆ 250. 60 ವ್ಯಾಟಿನ ಪ್ರೊಜೆಕ್ಟರ್ 2 ಗಂಟೆಗೆ 120. 50 ವ್ಯಾಟಿನ ಕಂಪ್ಯೂಟರ್ 3 ಗಂಟೆಗೆ 150. 30 ವ್ಯಾಟಿನ ಧ್ವನಿವರ್ಧಕ 2 ಗಂಟೆಗೆ 60. ಒಟ್ಟು 740 ವ್ಯಾಟ್-ಗಂಟೆ. ತಂತಿ, ಇನ್ವರ್ಟರ್ ಮೊದಲಾದವುಗಳಲ್ಲಿ ಸೋರಿಹೋಗುವ ಪಾಲಿಗಾಗಿ ಇದರ ಕಾಲುಭಾಗವನ್ನು ಸೇರಿಸಿದರೆ 925. ಮಟ್ಟಸವಾಗಿ ಮಲಗಿದ, ಧೂಳು ಕುಳಿತ ಫಲಕವು ದಿನಕ್ಕೆ 4 ಗಂಟೆಗಳ ಪೂರ್ಣ ಬಿಸಿಲಿನಷ್ಟು ದುಡಿಯುತ್ತದೆಂದು ಎಚ್ಚರಿಕೆಯಿಂದ ಎಣಿಸಿದರೆ, ಸುಮಾರು 230 ವ್ಯಾಟಿನ ಫಲಕ ಬೇಕು. 150 ವ್ಯಾಟಿನ ಎರಡು ಫಲಕಗಳನ್ನು ಹಾಕಿದರೆ, ಮೋಡದ ದಿನದ ಕೊರತೆಯನ್ನು ಮರುದಿನಗಳ ಬಿಸಿಲು ಕ್ರಮೇಣ ತುಂಬಿಕೊಡುತ್ತದೆ. ಇವೆರಡಕ್ಕೂ ಬೇಕಾದ ಜಾಗ ಸುಮಾರು 2 ಚದರ ಮೀಟರು ಮಾತ್ರ.

ಬ್ಯಾಟರಿಗೆ ಕನ್ನಡದಲ್ಲಿ ವಿದ್ಯುತ್ಕೋಶ ಎನ್ನುವುದುಂಟು. ಕೋಶವೆಂದರೆ ಬೊಕ್ಕಸ, ಭಂಡಾರ. ಫಲಕವು ದುಡಿದು ತಂದುದನ್ನು ಕಾಯ್ದಿಟ್ಟು ಬೇಕಾದಾಗ ಹಂಚುವುದೇ ಇದರ ಧರ್ಮ. ಕಲ್ಯಾಣದಲ್ಲಿ ಬಸವಣ್ಣನವರು ವಹಿಸಿದ್ದುದು ಭಂಡಾರಿಯ ಕಾಯಕವನ್ನು. ಒಂದು ಬಾಬಿನ ಹಣವನ್ನು ಮತ್ತೊಂದು ಬಾಬಿಗೆ ಬೆರೆಸದಿರುವುದು ಭಂಡಾರಿಯಾದವನ ಮೊದಲ ಕರ್ತವ್ಯ. ವಾಹನದಲ್ಲಿಯೂ ಹಾಗೆಯೇ ಎರಡು ಭಂಡಾರಗಳು ಬೇರೆಬೇರೆಯಾಗಿರಬೇಕು. ಎಂಜಿನನ್ನು ಎಬ್ಬಿಸುವ ಬ್ಯಾಟರಿಯು ಕ್ಷಣಕಾಲ ಭಾರಿ ಪ್ರವಾಹವನ್ನು ಕೊಡುವುದಕ್ಕಾಗಿ ತೆಳುವಾದ ಫಲಕಗಳಿಂದ ಮಾಡಲ್ಪಟ್ಟಿರುತ್ತದೆ. ಅದನ್ನು ಪದೇ ಪದೇ ಪೂರ್ತಿ ಬರಿದು ಮಾಡಿದರೆ ಬೇಗನೆ ಕೆಡುತ್ತದೆ. ಗಂಟೆಗಟ್ಟಲೆ ನಿಧಾನವಾಗಿ ಕೊಡುವ ಉಪಬ್ಯಾಟರಿಯ ರಚನೆಯೇ ಬೇರೆ.

ಒಂದು ದಿನದ ಬಳಕೆಗೆ ಮೋಡದ ಒಂದು ದಿನವನ್ನೂ ಸೇರಿಸಿದರೆ 1,480 ವ್ಯಾಟ್-ಗಂಟೆ ಸಂಗ್ರಹವಿರಬೇಕು. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದಾದುದರಿಂದ 12 ವೋಲ್ಟಿನಲ್ಲಿ ಸುಮಾರು 250 ಆಂಪಿಯರ್-ಗಂಟೆ ಬೇಕು. ಅದರ ಭಾರ 80ರಿಂದ 100 ಕಿಲೋಗ್ರಾಮು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಶೇಕಡಾ 80ರಷ್ಟು ಬಳಸಬಹುದಾದುದರಿಂದ 150 ಆಂಪಿಯರ್-ಗಂಟೆಯೇ ಸಾಕು; ಭಾರ ಸುಮಾರು 20 ಕಿಲೋಗ್ರಾಮು. ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು. ಯಾವುದೇ ಆಗಲಿ, ಅಲುಗದಂತೆ ಪೆಟ್ಟಿಗೆಯಲ್ಲಿ ಬಿಗಿದಿರಬೇಕು. ನೀರು ಹಾಕುವ ಸೀಸದ ಬ್ಯಾಟರಿಯಾದರೆ ಅದರಿಂದ ಹೊಮ್ಮುವ ಹೈಡ್ರೋಜನ್ ಅನಿಲ ಹೊರಕ್ಕೆ ಹೋಗಲು ದಾರಿ ಇರಬೇಕು. ಅದಕ್ಕೆ ಡಿಸ್ಟಿಲ್ಡ್ ವಾಟರನ್ನಲ್ಲದೆ ನಲ್ಲಿಯ ನೀರನ್ನು ಎಂದಿಗೂ ಹಾಕಕೂಡದು.

ಫಲಕಕ್ಕೂ ಉಪಬ್ಯಾಟರಿಗೂ ನಡುವೆ ಚಾರ್ಜ್ ಕಂಟ್ರೋಲರ್ ಎಂಬ ನಿಯಂತ್ರಕ ಅವಶ್ಯಕ. ಬ್ಯಾಟರಿ ತುಂಬಿದಾಗ ಪ್ರವಾಹವನ್ನು ತಡೆಯುವುದು ಇದರ ಕೆಲಸ. ವಾಹನ ಓಡುವಾಗ ಎಂಜಿನಿನ ಆಲ್ಟರ್ನೇಟರಿನಿಂದಲೂ ಉಪಬ್ಯಾಟರಿಯನ್ನು ತುಂಬಿಸಬಹುದು. ಆದರೆ ಎರಡು ಬ್ಯಾಟರಿಗಳನ್ನು ಬರಿಯ ತಂತಿಯಿಂದ ಕೂಡಿಸಕೂಡದು. ವೋಲ್ಟೇಜು ಸುಮಾರು 13.3ಕ್ಕೆ ಏರಿದಾಗ ಮಾತ್ರ ಕೂಡಿಸಿ, 12.8ಕ್ಕೆ ಇಳಿದೊಡನೆ ಬೇರ್ಪಡಿಸುವ ರಿಲೇಗಳುಂಟು. ಇತ್ತೀಚಿನ ಹಲವು ವಾಹನಗಳಲ್ಲಿ ಆಲ್ಟರ್ನೇಟರಿನ ವೋಲ್ಟೇಜು ಏರಿಳಿಯುವುದರಿಂದ ಹಾಗೂ ಲಿಥಿಯಂ ಬ್ಯಾಟರಿ ಅತಿಯಾದ ಪ್ರವಾಹವನ್ನು ಸೆಳೆಯುವುದರಿಂದ, ಅಲ್ಲಿ ಡಿ.ಸಿ.-ಡಿ.ಸಿ. ಚಾರ್ಜರ್ ಹಾಕುವುದೇ ಕ್ಷೇಮ.

ತಂತಿಯ ದಪ್ಪದಲ್ಲಿ ಉಳಿತಾಯ ಮಾಡುವುದು ಅಪಾಯಕರ. 240 ವ್ಯಾಟಿನ ಉಪಕರಣವು ಮನೆಯ 230 ವೋಲ್ಟಿನಲ್ಲಿ ಸುಮಾರು 1 ಆಂಪಿಯರ್ ಎಳೆದರೆ, 12 ವೋಲ್ಟಿನಲ್ಲಿ 20 ಆಂಪಿಯರ್ ಎಳೆಯುತ್ತದೆ. ಮನೆಯ ತಂತಿಯನ್ನೇ ಇಲ್ಲಿ ಬಳಸಿದರೆ ಅದು ಕಾದು ಬೆಂಕಿಗೆ ಕಾರಣವಾದೀತು. ಮುಖ್ಯ ಸಂಪರ್ಕಕ್ಕೆ 10 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಹಾಕಿ, ಪ್ರತಿಯೊಂದು ಬ್ಯಾಟರಿಯ ಧನಾಗ್ರದ ಸಮೀಪದಲ್ಲಿಯೇ ಫ್ಯೂಸನ್ನು ಇಡತಕ್ಕದ್ದು. ಬಿಡಿಸಾಮಾನುಗಳು ಎಸ್.ಪಿ. ರಸ್ತೆ, ಜೆ.ಸಿ. ರಸ್ತೆಗಳಲ್ಲಿ ದೊರೆಯುತ್ತವೆ, ಜೋಡಣೆಯನ್ನು ಮಾತ್ರ ಬಲ್ಲವರಿಂದಲೇ ಮಾಡಿಸಬೇಕು. 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಕಲಮು ವಾಹನದ ಮಾರ್ಪಾಡುಗಳನ್ನು ನಿಯಂತ್ರಿಸುವುದರಿಂದ, ಕೆಲಸಕ್ಕೆ ಮುಂಚೆಯೇ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಲಿಖಿತವಾಗಿ ವಿಚಾರಿಸಿ, ವಿಮೆಯವರಿಗೂ ತಿಳಿಸುವುದು ವಿಹಿತ.

ಕಡೆಯದಾಗಿ, ದಾನಿಗಳಲ್ಲಿ ಒಂದು ಅರಿಕೆ. ಸೌರಫಲಕವು 25 ವರ್ಷ ಬಾಳುತ್ತದೆ. ಸೀಸದ ಬ್ಯಾಟರಿ ಬಾಳುವುದು ಸಾಮಾನ್ಯವಾಗಿ 3ರಿಂದ 5 ವರ್ಷ. ಎಂದರೆ ಒಂದು ಫಲಕದ ಆಯುಸ್ಸಿನಲ್ಲಿ ಐದಾರು ಸಲ ಬ್ಯಾಟರಿಯನ್ನು ಬದಲಾಯಿಸಬೇಕಾಗುತ್ತದೆ. ಫಲಕದ ಮೇಲೆ ದಾನಿಯ ಹೆಸರು ಬರೆಯಿಸಬಹುದು. ಸೀಟಿನ ಕೆಳಗೆ ಅಡಗಿರುವ ಬ್ಯಾಟರಿಯ ಮೇಲೆ ಬರೆದ ಹೆಸರನ್ನು ಓದುವವರಾರು? ಆದುದರಿಂದಲೇ ಮೊದಲನೆಯದಕ್ಕೆ ದಾನಿಗಳು ಅನೇಕರು, ಎರಡನೆಯದಕ್ಕೆ ವಿರಳ. ಜೆ.ಪಿ. ನಗರವನ್ನು ನೆಲೆಯಾಗಿಸಿಕೊಂಡ ಸೆಲ್ಕೊ ಸಂಸ್ಥೆ 1995ರಿಂದ ಹಳ್ಳಿಗಳಿಗೆ ಸೌರದೀಪಗಳನ್ನು ಒದಗಿಸುತ್ತ ಬಂದಿದೆ. ಅದರ ಸಂಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಲಭಿಸಿತು. ದೀಪವನ್ನು ಮಾರಿ ಸುಮ್ಮನಾಗದೆ, ಬ್ಯಾಂಕಿನ ಸಾಲಕ್ಕೂ ಅನಂತರದ ದುರಸ್ತಿಗೂ ವ್ಯವಸ್ಥೆ ಮಾಡಿದುದು ಆ ಸಂಸ್ಥೆಯ ವೈಶಿಷ್ಟ್ಯ. ವಿದ್ಯಾವಾಹನಕ್ಕೂ ಇದೇ ಮಾದರಿ ತಕ್ಕುದು. ವಾಹನವನ್ನು ಕೊಡುವ ದಿನವೇ ಬ್ಯಾಟರಿಯ ಹೆಸರಿನಲ್ಲಿ ಒಂದು ಠೇವಣಿಯನ್ನು ಇಡಬೇಕು. ವಾರಕ್ಕೊಮ್ಮೆ ಫಲಕವನ್ನು ಒರೆಸಿ, ವೋಲ್ಟೇಜನ್ನು ನೋಡಿ, ಪುಸ್ತಕದಲ್ಲಿ ಬರೆದಿಡುವ ಹೊಣೆಯನ್ನು ಒಬ್ಬ ಅಧ್ಯಾಪಕರಿಗೂ ಚಾಲಕನಿಗೂ ವಹಿಸಬೇಕು. ಹಳೆಯ ಬ್ಯಾಟರಿಯನ್ನು ಗುಜರಿಗೆ ಎಸೆಯದೆ, 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಿಗೆ ಅನುಸಾರವಾಗಿ ಹಿಂದಿರುಗಿಸಬೇಕು.

ಸೂರ್ಯನು ಬೆಳಕನ್ನು ಬೆಲೆಯಿಲ್ಲದೆ ಕೊಡುತ್ತಾನೆ. ಅದನ್ನು ಹಿಡಿದಿಡುವ ಶ್ರದ್ಧೆ ಮಾತ್ರ ನಮ್ಮದು. ದುಡಿದುದನ್ನು ಜೋಪಾನಮಾಡಿ ಹಂಚುವುದೇ ದಾಸೋಹವಾಗಿರುವಲ್ಲಿ, ಕಾಣದ ಬ್ಯಾಟರಿಗೆ ನೀಡಿದ ಕಾಣಿಕೆಯೂ ದಾಸೋಹವೇ. ಇಂಥ ಕಾಣಿಕೆಗೆ ಸಹೃದಯ ದಾನಿಗಳು ಮನಸ್ಸು ಮಾಡಲಿ, ಶ್ರೀಗುರುವಿನ ಕೃಪೆಯಿಂದ ವಿದ್ಯಾವಾಹನಗಳು ಹೋದ ಹೋದ ಊರಿನಲ್ಲಿ ಪಾಠ ಮುಗಿಸಿ ಸುಖವಾಗಿ ಮರಳಿ ಬರಲಿ ಎಂದು ಹಾರೈಸುತ್ತೇನೆ.