ನೀರಿಗೆ ಮುಂಚೆ ಕಾಗದ

ಮುಂಬಯಿ ಮಹಾನಗರಕ್ಕೆ ನೀರುಣಿಸುವ ಸರೋವರಗಳು ಏಳು. ವಿಹಾರ, ತುಳಸಿ ಇವೆರಡು ಊರೊಳಗೇ ಇವೆ; ತಾನಸಾ, ಭಾತ್ಸಾ, ವೈತರಣಾದ ನೀರು ಹತ್ತಾರು ಮೈಲಿ ದೂರದಿಂದ ಭಾರಿ ಕೊಳವೆಗಳಲ್ಲಿ ಹರಿದುಬರುತ್ತದೆ. ಆ ಕೊಳವೆಗಳ ಮಗ್ಗುಲಲ್ಲೇ ಜೋಪಡಿ ಹಾಕಿಕೊಂಡವರ ಹಂಡೆ ಮಾತ್ರ ಬರಿದು!

ಜೋಪಡಿಯವರು ನಲ್ಲಿ ಬೇಡಿದರೆ ನಗರಪಾಲಿಕೆ ಮೊದಲು ಕೇಳುತ್ತಿದ್ದುದು, ಅವರು ಅಲ್ಲಿ ಎಂದಿನಿಂದ ಇರುವರೆಂಬುದನ್ನು. 1995ರ ಜನವರಿ 1ರ ತರುವಾಯ ಎದ್ದ ಜೋಪಡಿಗಳಿಗೆ ನೀರು ಕೊಡಕೂಡದೆಂದು 1996ರಲ್ಲಿ ಸರ್ಕಾರದ ಸುತ್ತೋಲೆ ಹೊರಟಿತು. ಮುಂದೆ ಈ ಗಡುವು 2000ದ ಜನವರಿ 1ಕ್ಕೆ ಸರಿಯಿತು. ಹಳೆಯ ಪಡಿತರ ಚೀಟಿ, ಮತದಾರರ ಪಟ್ಟಿಯ ಹರಕು ಹಾಳೆ ಒಡವೆಯಂತೆ ಪೆಟ್ಟಿಗೆ ಸೇರಿದವು. ನಾಲ್ಕಾರು ಮನೆಗಳವರು ಕೂಡಿ ಒಂದು ನಲ್ಲಿಗೆ ಅರ್ಜಿ ಹಾಕುವರು. ಕೊಳಾಯಿ ಕೆಲಸದವನು ಅವರ ಕಡತ ಹಿಡಿದು ಕಚೇರಿಗೆ ಅಲೆಯುವನು. ಪಾಲಿಕೆಯ ಸದಸ್ಯರ ಬಾಯಿಮಾತಿನ ಬೆಂಬಲವಿದ್ದರೆ ಕಡತಕ್ಕೆ ಕಾಲು ಬರುವುದು.

ನಲ್ಲಿ ಬಂದರೂ ನೀರು ದಿನಕ್ಕೆ ಕೆಲವೇ ತಾಸು. ಬೀದಿಯ ಕವಾಟಗಳನ್ನು ತಿರುಗಿಸುವ ಪಾಲಿಕೆಯ ನೌಕರನಿಗೆ ಅಲ್ಲಿ 'ಚಾವಿವಾಲಾ' ಎಂದೇ ಹೆಸರು. ಅವನ ಕೈ ತಿರುಗುವ ಗಳಿಗೆಗೆ ಗೃಹಿಣಿಯರು ನಿದ್ದೆಗೆಟ್ಟು ಕಾಯಬೇಕು. ನೀರಿನ ಒತ್ತಡ ಸಾಲದೆ ಒಬ್ಬರು ಮೋಟರು ಹಚ್ಚಿದರೆ ಪಕ್ಕದವರ ನಲ್ಲಿ ಒಣಗುತ್ತದೆ. ಜಗಳಕ್ಕೆ ಬೇರೆ ಕಾರಣ ಬೇಕೆ?

ಕಾಗದವಿಲ್ಲದವರ ಪಾಡು ಇದಕ್ಕಿಂತ ಕಠಿಣ. ನಲ್ಲಿಯುಳ್ಳವರಿಂದ ಕೊಡಕ್ಕಿಷ್ಟೆಂದು ಕೊಳ್ಳಬೇಕು, ದೂರದಿಂದ ರಬ್ಬರು ಕೊಳವೆ ಎಳೆಯಬೇಕು, ಇಲ್ಲವೆ ಟ್ಯಾಂಕರಿಗೆ ಹಣ ಸುರಿಯಬೇಕು. ಬಂಗಲೆಯವರು ಪಾಲಿಕೆಗೆ ತೆರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬೆಲೆಯನ್ನು ಕೂಲಿಯವರು ಅದೇ ನೀರಿಗೆ ತೆರುತ್ತಾರೆ. ಇದು ಯಾವ ನ್ಯಾಯವೋ!

'ಪಾನೀ ಹಕ್ ಸಮಿತಿ' ಎಂಬ ಸಂಘಟನೆ ಈ ಪ್ರಶ್ನೆಯನ್ನೇ ನ್ಯಾಯಾಲಯಕ್ಕೆ ಒಯ್ದಿತು. 2014ರ ಡಿಸೆಂಬರ್ 15ರಂದು ಮುಂಬಯಿ ಉಚ್ಚ ನ್ಯಾಯಾಲಯ ತೀರ್ಪಿತ್ತಿತು: ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿ ನೀರೂ ಅಡಕವಾಗಿದೆ, ಮನೆ ಅನಧಿಕೃತವೆಂಬ ಕಾರಣಕ್ಕೆ ಕುಡಿಯುವ ನೀರನ್ನು ನಿರಾಕರಿಸಲಾಗದು. ಆದರೆ ಅಧಿಕೃತ ಮನೆಗಳಷ್ಟೇ ನೀರನ್ನು ಅದೇ ದರಕ್ಕೆ ಕೊಡಬೇಕಾಗಿಲ್ಲ. ನಲ್ಲಿ ಬಂದ ಮಾತ್ರಕ್ಕೆ ಜೋಪಡಿ ಸಕ್ರಮವಾಗುವುದೂ ಇಲ್ಲ. ಮನೆಯ ವ್ಯಾಜ್ಯದಿಂದ ನೀರನ್ನು ಹೀಗೆ ಬಿಡಿಸಿಟ್ಟುದೇ ಆ ತೀರ್ಪಿನ ಹೆಚ್ಚುಗಾರಿಕೆ.

ತೀರ್ಪು ನಲ್ಲಿಯವರೆಗೆ ಹರಿಯಲು ವರ್ಷಗಳೇ ಹಿಡಿದವು. 'ಎಲ್ಲರಿಗೂ ನೀರು' ಎಂಬ ನೀತಿಯನ್ನು ಪಾಲಿಕೆ ಸಾರಿದ್ದು 2022ರಲ್ಲಿ. ನೆಲ ಅನ್ಯ ಇಲಾಖೆಗೆ ಸೇರಿದ್ದ ಕಡೆಗಳಲ್ಲಿ ಕೊಳವೆ ಹೂಳುವ ಮುನ್ನ ಆ ಇಲಾಖೆಯ ಒಪ್ಪಿಗೆ ಪತ್ರವೆಂಬ ಮತ್ತೊಂದು ಕಾಗದಕ್ಕಾಗಿ ಜನ ಅಲೆಯಬೇಕಾಯಿತು.